ಫೋನಿನ ಕರಡು ಆವೃತ್ತಿಯೂ ಗೃಹಸ್ಥನ ವಿವೇಕವೂ

ಪ್ರತಿ ವರ್ಷವೂ ಜೂನ್ ತಿಂಗಳು ಬಂದಿತೆಂದರೆ ಐಫೋನುಳ್ಳ ಮನೆಗಳ ತರುಣರಲ್ಲಿ ಒಂದು ವಿಧವಾದ ಸಂಭ್ರಮವು ತಲೆದೋರುವುದುಂಟು. ಅಮೆರಿಕಾ ದೇಶದ ಆಪಲ್ ಕಂಪೆನಿಯವರು ಆ ತಿಂಗಳಿನಲ್ಲಿ ತಂತ್ರಾಂಶ ರಚಿಸುವವರ ಸಮ್ಮೇಳನವೊಂದನ್ನು ನಡೆಯಿಸಿ, ತಮ್ಮ ಫೋನಿಗೆ ಮುಂದೆ ಬರಲಿರುವ ಹೊಸ ಆವೃತ್ತಿಯ ಸೊಬಗನ್ನು ಲೋಕಕ್ಕೆಲ್ಲ ತೋರಿಸುತ್ತಾರೆ. ಅದು ಸರ್ವರ ಕೈಗೂ ಬರುವುದು ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳಿನಲ್ಲಿ. ಆದರೆ ಅಷ್ಟು ಕಾಲ ಕಾದಿರಲಾರದವರಿಗೆ, ತೋರಿಸಿದ ದಿನವೇ ಅದರ ಅಪಕ್ವರೂಪವೊಂದನ್ನು ಇಳಿಸಿಕೊಳ್ಳುವ ದಾರಿಯೂ ಇದೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಕಂಪೆನಿಯವರೂ ಇದೇ ಬಗೆಯ ಏರ್ಪಾಡನ್ನು ಮಾಡಿರುತ್ತಾರೆ. ಹೀಗಿರಲು ಮನೆಯ ಮಗನೋ ಮಗಳೋ ಬಂದು, "ಅಪ್ಪಾ, ಹೊಸದು ಬಂದಿದೆ, ನಿಮ್ಮ ಫೋನಿಗೂ ಹಾಕಿಕೊಡಲೇ?" ಎಂದು ಕೇಳಿದರೆ ತಂದೆಯಾದವನು ಏನೆಂದು ಉತ್ತರ ಕೊಡತಕ್ಕದ್ದು? ಬೇಡವೆಂದರೆ ಹಳೆಯ ಕಾಲದವನೆಂಬ ಹೆಸರು. ಆಗಲೆಂದರೆ ಮರುದಿನ ಹಾಲಿನವನಿಗೆ ಹಣ ಸಲ್ಲಿಸಲು ಫೋನು ಒಪ್ಪದೆ ಹೋದೀತೆಂಬ ಭಯ. ಈ ಸಂದಿಗ್ಧದಲ್ಲಿ ಸಿಕ್ಕಿದ ಗೃಹಸ್ಥರಿಗೆ ನೆರವಾಗಲೆಂದು ವಿಷಯದ ನಿಜಸ್ಥಿತಿಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಈ ಆವೃತ್ತಿಯೆಂಬುದು ಯಾವುದರದೆಂದು ತಿಳಿಯಬೇಕು. ಫೋನಿನೊಳಗೆ ನಾವು ಬಳಸುವ ಆಪುಗಳೆಲ್ಲವೂ ಬೇರೆ ಬೇರೆ ಕೆಲಸಗಾರರಿದ್ದಂತೆ. ಒಬ್ಬನು ಚಿತ್ರ ತೆಗೆಯುತ್ತಾನೆ, ಒಬ್ಬನು ಪತ್ರ ತಲಪಿಸುತ್ತಾನೆ, ಒಬ್ಬನು ಹಣ ಸಲ್ಲಿಸುತ್ತಾನೆ. ಇವರಿಗೆಲ್ಲ ಅಪ್ಪಣೆ ಕೊಟ್ಟು, ಬ್ಯಾಟರಿಯ ಶಕ್ತಿಯನ್ನು ಹಂಚಿ, ಯಾರು ಯಾವ ಕೋಣೆಗೆ ಹೋಗಬಹುದು, ಯಾರು ಹೋಗಬಾರದು ಎಂದು ನಿಯಮಿಸಿ ಆಡಳಿತ ನಡೆಯಿಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎಂದು ಹೆಸರು. ಐಫೋನಿನಲ್ಲಿ ಅದು ಐಓಎಸ್; ಉಳಿದ ಬಹುತೇಕ ಫೋನುಗಳಲ್ಲಿ ಆಂಡ್ರಾಯ್ಡ್. ಒಂದು ಆಪು ಕೆಟ್ಟರೆ ಒಬ್ಬ ಕೆಲಸಗಾರನು ಮಲಗಿದಂತೆ. ಆಪರೇಟಿಂಗ್ ಸಿಸ್ಟಂ ಕೆಟ್ಟರೆ ಯಜಮಾನನೇ ಮಲಗಿದಂತೆ. ಈ ವ್ಯತ್ಯಾಸವನ್ನು ಮರೆಯಲಾಗದು.

ಈ ಯಜಮಾನನಿಗೆ ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುವುದು ರೂಢಿ. ಹಾಗೆ ಬರುವ ಮುನ್ನ ಕಂಪೆನಿಯವರು ಹೊರಗೆ ಕೊಡುವ ಪರೀಕ್ಷಾರೂಪಕ್ಕೆ ಬೀಟಾ ಎಂದು ಹೆಸರು. ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರವಿದು. ಮೊದಲನೆಯ ಅಕ್ಷರವಾದ ಆಲ್ಫಾ ಎಂಬುದು ರಚಿಸಿದವರು ತಮ್ಮೊಳಗೇ ಮಾಡಿಕೊಳ್ಳುವ ಪರೀಕ್ಷೆಗೆ ಸಲ್ಲುತ್ತದೆ. ಅಚ್ಚುಕೂಟದ ಮಾತಿನಲ್ಲಿ ಹೇಳುವುದಾದರೆ ಬೀಟಾ ಎಂಬುದು ಕರಡಚ್ಚು. ಓದುಗರ ಕೈಗೆ ಪುಸ್ತಕವು ಹೋಗುವ ಮುನ್ನ ತಪ್ಪು ಹುಡುಕುವವನ ಕೈಗೆ ಕೊಡುವ ಹಾಳೆ. ಅದರಲ್ಲಿ ಅಕ್ಷರ ತಪ್ಪಿರುವುದು ಆಶ್ಚರ್ಯವಲ್ಲ; ತಪ್ಪು ಸಿಗಲೆಂದೇ ಅದನ್ನು ತೆಗೆದಿರುತ್ತಾರೆ. ಕರಡಚ್ಚನ್ನು ಕೊಂಡು ಬಂದು ಕಥೆ ಓದಲು ಕುಳಿತವನು ತಪ್ಪುಗಳಿವೆಯೆಂದು ಜಗಳ ತೆಗೆದರೆ ನ್ಯಾಯವಾಗಲಾರದು.

ಇಷ್ಟು ದೊಡ್ಡ ಕಂಪೆನಿಗಳು ಪರೀಕ್ಷೆಯನ್ನು ತಾವೇ ಮಾಡಿ ಮುಗಿಸಬಾರದೇ ಎಂದು ಯಾರಾದರೂ ಕೇಳಬಹುದು. ಅನ್ನ ಬೆಂದಿತೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕು. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಫೋನುಗಳ ವಿಚಾರ ಹಾಗಲ್ಲ. ಒಬ್ಬನು ಬಳಸುವ ಆಪು ಇನ್ನೊಬ್ಬನಲ್ಲಿಲ್ಲ. ಒಬ್ಬನ ಸಿಮ್ಮಿನ ಕಂಪೆನಿ ಬೇರೆ, ಇನ್ನೊಬ್ಬನ ಭಾಷೆ ಬೇರೆ. ಒಬ್ಬನು ಕಾರಿನೊಡನೆ ಫೋನನ್ನು ಜೋಡಿಸುತ್ತಾನೆ, ಇನ್ನೊಬ್ಬನು ಕಿವಿಯ ಯಂತ್ರದೊಡನೆ ಜೋಡಿಸುತ್ತಾನೆ. ಇಲ್ಲಿ ಪ್ರತಿಯೊಂದು ಅಗುಳೂ ಬೇರೆ ಒಲೆಯ ಮೇಲೆ ಬೇಯುತ್ತಿರುವುದು. ಎಷ್ಟೇ ಸಂಬಳದ ಪರೀಕ್ಷಕರನ್ನು ಇಟ್ಟುಕೊಂಡರೂ ಈ ವೈವಿಧ್ಯವನ್ನು ಒಂದು ಕಟ್ಟಡದೊಳಗೆ ಕೂಡಿಸಲು ಸಾಧ್ಯವಾಗದು. ಆದುದರಿಂದಲೇ ಸಾರ್ವಜನಿಕರನ್ನು ಕರೆಯುತ್ತಾರೆ.

ಈ ಕರೆಯು ಮೊದಲಿಂದಲೂ ಎಲ್ಲರಿಗೂ ಇರಲಿಲ್ಲ. ಆಪಲ್ ಕಂಪೆನಿಯವರ ಕರಡು ಆವೃತ್ತಿಗಳು ಬಹುಕಾಲ, ವರ್ಷಕ್ಕೆ ೯೯ ಡಾಲರ್ ಶುಲ್ಕ ಕೊಟ್ಟು ಸದಸ್ಯರಾದ ತಂತ್ರಾಂಶ ರಚಕರಿಗೆ ಮಾತ್ರ ಮೀಸಲಾಗಿದ್ದವು. ೨೦೧೫ನೆಯ ಮಾರ್ಚಿಯಲ್ಲಿ ಐಓಎಸ್ ೮.೩ರ ಪರೀಕ್ಷಾರೂಪವನ್ನು ಮೊದಲ ಬಾರಿಗೆ ಸಾರ್ವಜನಿಕರಿಗೂ ಕೊಟ್ಟರು. ೨೦೨೩ನೆಯ ಜೂನಿನಲ್ಲಿ, ಐಓಎಸ್ ೧೭ರ ಕಾಲಕ್ಕೆ, ರಚಕರಿಗೆ ಮೀಸಲಾಗಿದ್ದ ಮೊದಲ ಕರಡನ್ನು ಸಹ ಶುಲ್ಕವಿಲ್ಲದೆ ಪಡೆಯಬಹುದೆಂದು ಮಾಡಿದರು. ಈಗ ಆಪಲ್ ಖಾತೆಯನ್ನು ನೋಂದಾಯಿಸಿಕೊಂಡವನು ಸೆಟ್ಟಿಂಗ್ಸಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟಿನ ಪುಟಕ್ಕೆ ಹೋಗಿ, ಬೀಟಾ ಅಪ್‌ಡೇಟ್ಸ್ ಎಂಬುದನ್ನು ಒತ್ತಿ ಆರಿಸಿಕೊಂಡರೆ ತೀರಿತು. ರಚಕರ ಕರಡು ಮೊದಲು ಬರುವಂಥದು, ಹಸಿಯಾದುದು. ಸಾರ್ವಜನಿಕ ಕರಡು ಕೆಲವು ವಾರಗಳ ತರುವಾಯ ಬರುವಂಥದು, ತುಸು ಬೆಂದುದು.

ಗೂಗಲ್ ಕಂಪೆನಿಯವರು ೨೦೧೪ನೆಯ ಜೂನಿನಲ್ಲಿ ಆಂಡ್ರಾಯ್ಡ್ ಎಲ್ ಎಂಬುದರ ಮುನ್ನೋಟವನ್ನು ನೆಕ್ಸಸ್ ೫ ಫೋನಿಗೂ ನೆಕ್ಸಸ್ ೭ ಟ್ಯಾಬ್ಲೆಟಿಗೂ ಕೊಟ್ಟು ಈ ಪದ್ಧತಿಗೆ ಮೊದಲಿಟ್ಟರು. ೨೦೧೬ರಲ್ಲಿ ಆಂಡ್ರಾಯ್ಡ್ ಎನ್ ಬಂದಾಗ, ಹೆಸರು ನೋಂದಾಯಿಸಿಕೊಂಡವರ ಫೋನಿಗೆ ಕರಡು ತಾನಾಗಿ ಬಂದು ಸೇರುವ ಬೀಟಾ ಯೋಜನೆಯನ್ನು ತೆರೆದರು. ಆಂಡ್ರಾಯ್ಡ್ ೧೬ರ ಮೊದಲ ಮುನ್ನೋಟವು ೨೦೨೪ನೆಯ ನವೆಂಬರಿನಲ್ಲಿಯೂ, ಸಿದ್ಧರೂಪವು ೨೦೨೫ನೆಯ ಜೂನಿನಲ್ಲಿಯೂ ಹೊರಬಂದವು. ಕರಡಿಗೂ ಪುಸ್ತಕಕ್ಕೂ ನಡುವೆ ಏಳು ತಿಂಗಳ ಅಂತರ. ಸ್ಯಾಮ್‌ಸಂಗ್ ಕಂಪೆನಿಯವರೂ ತಮ್ಮ ಒನ್ ಯುಐ ಎಂಬುದರ ಕರಡನ್ನು ಕೆಲವು ಮಾದರಿಯ ಫೋನುಗಳಿಗೆ ಭಾರತದಲ್ಲಿಯೂ ಕೊಟ್ಟಿರುತ್ತಾರೆ.

೨೦೨೫ನೆಯ ಜುಲೈಯಲ್ಲಿ ಗೂಗಲ್ ಕಂಪೆನಿಯವರು ರಚಕರ ಮುನ್ನೋಟವನ್ನು ನಿಲ್ಲಿಸಿ, ಅದರ ಸ್ಥಾನದಲ್ಲಿ ಕೆನರಿ ಎಂಬ ಹೊಸ ಸಾಲನ್ನು ಆರಂಭಿಸಿದರು. ಈ ಹೆಸರಿನ ಹಿಂದೆ ಒಂದು ಕಥೆಯಿದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳೊಳಕ್ಕೆ ಇಳಿಯುವವರು ಪೂರ್ವದಲ್ಲಿ ಪಂಜರದಲ್ಲಿ ಕೆನರಿಯೆಂಬ ಪುಟ್ಟ ಹಕ್ಕಿಯನ್ನು ಒಯ್ಯುತ್ತಿದ್ದರು. ಗಣಿಯೊಳಗೆ ವಿಷಾನಿಲವು ಕೂಡಿದ್ದರೆ ಮನುಷ್ಯನಿಗೆ ತಿಳಿಯುವ ಮೊದಲೇ ಹಕ್ಕಿಯು ತತ್ತರಿಸಿ ಬೀಳುತ್ತಿದ್ದಿತು. ಅದನ್ನು ಕಂಡು ಕೆಲಸಗಾರರು ಹೊರಗೋಡಿ ಪ್ರಾಣ ಉಳಿಸಿಕೊಳ್ಳುತ್ತಿದ್ದರು. ಕಂಪೆನಿಯವರು ಈ ಹೆಸರನ್ನಿಟ್ಟು ಸತ್ಯವನ್ನೇ ನುಡಿದಿದ್ದಾರೆ. ಕರಡನ್ನು ಹಾಕಿಕೊಳ್ಳುವ ಗೃಹಸ್ಥನು ಈ ಕಥೆಯಲ್ಲಿ ತಾನು ಗಣಿಯ ಧಣಿಯಲ್ಲ, ಪಂಜರದ ಹಕ್ಕಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಹಕ್ಕಿಯು ಬಿದ್ದ ಸಂದರ್ಭಗಳು ಇಲ್ಲದಿಲ್ಲ. ೨೦೧೮ನೆಯ ಆಗಸ್ಟ್ ೧೩ರಂದು ಆಪಲ್ ಕಂಪೆನಿಯವರು ಐಓಎಸ್ ೧೨ರ ಏಳನೆಯ ಕರಡನ್ನು ಹೊರಡಿಸಿದರು. ಹಾಕಿಕೊಂಡ ಫೋನುಗಳು ಅತಿಶಯವಾಗಿ ನಿಧಾನಿಸುತ್ತಿವೆಯೆಂದು ದೂರುಗಳು ಬರಲು, ಕೆಲವೇ ಗಂಟೆಗಳಲ್ಲಿ ಅದನ್ನು ಹಿಂದೆಗೆದುಕೊಂಡು, ಎರಡು ದಿನಗಳ ಮೇಲೆ ಎಂಟನೆಯದನ್ನು ಕೊಟ್ಟರು. ಅದೇ ತಿಂಗಳ ಕೊನೆಯಲ್ಲಿ ಇನ್ನೊಂದು ಚೋದ್ಯವಾಯಿತು. ಫೋನಿನ ಬೀಗ ತೆರೆದಾಗಲೆಲ್ಲ "ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ" ಎಂಬ ಸೂಚನೆ ಕಾಣಿಸುತ್ತಿದ್ದಿತು. ಹುಡುಕಿದರೆ ಯಾವ ಹೊಸ ಆವೃತ್ತಿಯೂ ಇಲ್ಲ. ಮುಂದಿನ ಕರಡು ಬರುವವರೆಗೆ ಜನರು ಆ ಸೂಚನೆಯನ್ನು ಒರಸುತ್ತಲೇ ಇರಬೇಕಾಯಿತು. ೨೦೧೯ನೆಯ ಜೂನಿನಲ್ಲಿ ಆಂಡ್ರಾಯ್ಡ್ ಕ್ಯೂವಿನ ನಾಲ್ಕನೆಯ ಕರಡನ್ನು ಹಾಕಿಕೊಂಡ ಕೆಲವು ಪಿಕ್ಸೆಲ್ ಫೋನುಗಳು ಆರಿ ಹೊತ್ತಿ, ಮತ್ತೆ ಆರಿ ಹೊತ್ತಿ, ತೆರೆಯದೆಯೇ ಸುತ್ತತೊಡಗಿದುವು. ಗೂಗಲ್ ಕಂಪೆನಿಯವರು ಹಂಚಿಕೆಯನ್ನು ನಿಲ್ಲಿಸಿ, ತಿದ್ದಿ, ಕೆಲವು ದಿನಗಳ ಮೇಲೆ ಮುಂದುವರಿಸಿದರು.

ಸಿದ್ಧವಾದ ಆವೃತ್ತಿಯಲ್ಲಿ ದೋಷವೇ ಇರದೆಂದು ನಾವು ಹೇಳುವುದಿಲ್ಲ. ೨೦೧೪ನೆಯ ಸೆಪ್ಟೆಂಬರ್ ೨೪ರಂದು ಹೊರಟ ಐಓಎಸ್ ೮.೦.೧ ಎಂಬುದು ಕರಡಲ್ಲ, ಸಿದ್ಧ ಆವೃತ್ತಿ. ಆದರೂ ಅದನ್ನು ಹಾಕಿಕೊಂಡ ಹಲವು ಐಫೋನ್ ೬ಗಳು ಕರೆ ಮಾಡುವ ಶಕ್ತಿಯನ್ನೇ ಕಳೆದುಕೊಂಡುವು. ಮರುದಿನವೇ ತಿದ್ದಿದ ಆವೃತ್ತಿ ಬಂದಿತು. ತಿದ್ದಿ ಮುಗಿಸಿದ ಪುಸ್ತಕದಲ್ಲಿಯೇ ಇಂಥ ತಪ್ಪು ಉಳಿಯಬಹುದಾದರೆ ಕರಡಚ್ಚಿನ ಮಾತೇನು?

ಆದರೆ ದೋಷಗಳಿಗಿಂತಲೂ ಮುಖ್ಯವಾದ ಸಂಗತಿಯೊಂದಿದೆ. ಕರಡಿನೊಳಕ್ಕೆ ಹೋಗುವ ಬಾಗಿಲು ಅಗಲವಾದುದು. ಹೊರಕ್ಕೆ ಬರುವ ಬಾಗಿಲು ಬಹಳ ಇಕ್ಕಟ್ಟಾದುದು. ಪಿಕ್ಸೆಲ್ ಫೋನಿನವನು ಬೀಟಾ ಯೋಜನೆಯನ್ನು ಬಿಟ್ಟು ಕೂಡಲೇ ಹಳೆಯ ಆವೃತ್ತಿಗೆ ಹಿಂದಿರುಗಬೇಕೆಂದರೆ, ಫೋನಿನಲ್ಲಿರುವ ಚಿತ್ರ, ಪತ್ರ, ಲೆಕ್ಕ ಎಲ್ಲವೂ ಅಳಿಸಿಹೋಗುತ್ತವೆ. ಐಫೋನಿನವನು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ, ಎಲ್ಲವನ್ನೂ ಅಳಿಸಿ, ಹಳೆಯದನ್ನು ಹೊಸದಾಗಿ ತುಂಬಬೇಕು. ಕರಡನ್ನು ಹಾಕಿದ ಮೇಲೆ ತೆಗೆದ ಪ್ರತಿಯು ಆಗ ಉಪಯೋಗಕ್ಕೆ ಬಾರದು. ಮೊದಲೇ ತೆಗೆದಿಟ್ಟ ಪ್ರತಿಯಿದ್ದರೆ ಮಾತ್ರ ಹಳೆಯ ಸ್ಥಿತಿ ದೊರೆಯುವುದು. ಆಪಲ್ ಕಂಪೆನಿಯವರ ಕೈಗಡಿಯಾರಕ್ಕಂತೂ ಕರಡನ್ನು ಹಾಕಿದ ಬಳಿಕ ಮನೆಯಲ್ಲಿ ಕುಳಿತು ಹಿಂದಿರುಗಿಸುವ ದಾರಿಯೇ ಇಲ್ಲ.

ಹೀಗೇಕೆಂದರೆ, ಹೊಸ ಆವೃತ್ತಿಯು ಬಂದೊಡನೆ ಹಳೆಯ ಕಡತಗಳನ್ನು ತನ್ನ ಪದ್ಧತಿಗೆ ತಿರುಗಿಸಿಕೊಳ್ಳುತ್ತದೆ. ಹೊಸ ಶಾನುಭೋಗನು ಲೆಕ್ಕದ ಪುಸ್ತಕಗಳನ್ನೆಲ್ಲ ತನ್ನ ಕ್ರಮದಲ್ಲಿ ಬರೆದುಕೊಂಡ ಮೇಲೆ ಹಳೆಯ ಶಾನುಭೋಗನನ್ನು ಕರೆತಂದರೆ ಅವನಿಗೆ ಅದು ಓದಲು ಬಾರದು. ೨೦೧೬ರಿಂದೀಚೆಗೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮಿಗೆ ಎರಡು ಕೋಣೆಗಳಿರುತ್ತವೆ. ಹೊಸದು ಎರಡನೆಯ ಕೋಣೆಯಲ್ಲಿ ಸಿದ್ಧವಾಗಿ, ಅದು ಎದ್ದು ನಿಲ್ಲದಿದ್ದರೆ ಫೋನು ಮೊದಲಿನ ಕೋಣೆಗೆ ಮರಳುತ್ತದೆ. ಇದು ಒಳ್ಳೆಯ ಏರ್ಪಾಡೇ ಸರಿ. ಆದರೆ ಹೊಸದು ಒಮ್ಮೆ ಎದ್ದು ಕಡತಗಳನ್ನು ಮುಟ್ಟಿದ ಮೇಲೆ ಈ ಎರಡನೆಯ ಕೋಣೆಯಿಂದ ನಮಗೆ ಪ್ರಯೋಜನವಿಲ್ಲ.

ಈಗ ನಮ್ಮ ಮನೆಗಳಲ್ಲಿ ಫೋನಿನ ಸ್ಥಾನವೇನೆಂಬುದನ್ನು ವಿಚಾರಿಸೋಣ. ಮನೆಯ ಹಣವು ಯುಪಿಐ ಮೂಲಕ ಅದರಿಂದಲೇ ಹೊರಡುತ್ತದೆ. ಬ್ಯಾಂಕಿನವರೂ ಆಧಾರ್ ಕಚೇರಿಯವರೂ ಕಳುಹಿಸುವ ಓಟಿಪಿ ಅದಕ್ಕೇ ಬರುತ್ತದೆ. ಮಕ್ಕಳ ಶಾಲೆಯ ಸೂಚನೆ, ಗ್ಯಾಸ್ ಸಿಲಿಂಡರಿನ ನೋಂದಣಿ, ವೈದ್ಯರು ಬರೆದುಕೊಟ್ಟ ಚೀಟಿಯ ಚಿತ್ರ, ಗತಿಸಿದ ಹಿರಿಯರ ಧ್ವನಿ, ಕೂಸಿನ ಮೊದಲ ಹೆಜ್ಜೆ ಎಲ್ಲವೂ ಅದರಲ್ಲಿವೆ. ಆಪತ್ಕಾಲದಲ್ಲಿ ೧೧೨ಕ್ಕೆ ಕರೆ ಮಾಡುವುದೂ ಅದರಿಂದಲೇ. ಬ್ಯಾಂಕಿನ ಆಪುಗಳಾದರೋ ಸ್ವಭಾವತಃ ಸಂಶಯಶೀಲವಾದುವು. ಫೋನಿನ ಆಪರೇಟಿಂಗ್ ಸಿಸ್ಟಂ ಅಧಿಕೃತವಾದುದೇ, ಯಾರಾದರೂ ತಿದ್ದಿದ್ದಾರೆಯೇ ಎಂದು ಅವು ಪರೀಕ್ಷಿಸುತ್ತವೆ. ಕರಡನ್ನು ಕಂಡು ಅವುಗಳಲ್ಲಿ ಕೆಲವು ಬಾಗಿಲು ತೆರೆಯದೆ ಹೋಗಬಹುದು. ಫೋನನ್ನು ಅಳಿಸಿ ಹಿಂದಿರುಗಿದರೆ, ಸಿಮ್ಮಿನಿಂದ ಸಂದೇಶ ಕಳುಹಿಸಿ ಯುಪಿಐ ನೋಂದಣಿಯನ್ನು ಮೊದಲಿಂದ ಮಾಡಬೇಕು. ಹತ್ತು ಫೋನುಗಳಿರುವ ತಂತ್ರಾಂಶ ಕಚೇರಿಗೆ ಇದು ಅರ್ಧ ಗಂಟೆಯ ಕೆಲಸ. ಒಂದೇ ಫೋನಿರುವ ಮನೆಗೆ, ಅದೂ ಯಾರಾದರೂ ಆಸ್ಪತ್ರೆಯಲ್ಲಿರುವ ದಿನದಲ್ಲಿ, ಇದೊಂದು ದೊಡ್ಡ ಸಂಕಟ.

ಇಷ್ಟೆಲ್ಲ ಕೇಳಿದವರು ಈ ಕರಡುಗಳ ಗೊಡವೆಯೇ ಯಾರಿಗೂ ಬೇಡವೆಂದಾರು. ಆ ತೀರ್ಮಾನಕ್ಕೆ ನಮ್ಮ ಸಮ್ಮತಿಯಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಆಪುಗಳನ್ನು ರಚಿಸಿಯೇ ಜೀವನ ಮಾಡುವವರು ಬಹು ಮಂದಿ ಇದ್ದಾರೆ. ಸೆಪ್ಟೆಂಬರಿನಲ್ಲಿ ಹೊಸ ಆವೃತ್ತಿಯು ಎಲ್ಲರ ಕೈಗೂ ಬಂದ ದಿನ ತಮ್ಮ ಆಪು ಮುಗ್ಗರಿಸಬಾರದೆಂದಿದ್ದರೆ ಅವರು ಜೂನಿನಿಂದಲೇ ಪರೀಕ್ಷಿಸಬೇಕು. ನಮ್ಮ ಬ್ಯಾಂಕಿನ ಆಪು ಆ ದಿನ ಸುಗಮವಾಗಿ ತೆರೆದರೆ, ಅದರ ಹಿಂದೆ ಅಂಥವರ ಮೂರು ತಿಂಗಳ ಶ್ರಮವಿರುತ್ತದೆ.

ಇನ್ನೊಂದು ಕಾರಣವು ನಮ್ಮ ಭಾಷೆಗೆ ಸಂಬಂಧಿಸಿದುದು. ೨೦೧೮ನೆಯ ಫೆಬ್ರವರಿಯಲ್ಲಿ, ನೆರೆಯ ತೆಲುಗು ಲಿಪಿಯ 'ಜ್ಞಾ' ಎಂಬ ಸಂಯುಕ್ತಾಕ್ಷರವನ್ನು ಒಂದು ಬಗೆಯಲ್ಲಿ ಜೋಡಿಸಿ ಕಳುಹಿಸಿದರೆ, ಅದನ್ನು ತೋರಿಸಲು ಯತ್ನಿಸಿದ ಐಫೋನಿನ ಆಪು ಕುಸಿದು ಬೀಳುತ್ತಿದ್ದಿತು. ಐಓಎಸ್ ೧೧ರಲ್ಲಿ ಅಡಗಿದ್ದ ಈ ದೋಷವನ್ನು ಆ ತಿಂಗಳ ೧೯ರಂದು ೧೧.೨.೬ನೆಯ ಆವೃತ್ತಿಯಿಂದ ನಿವಾರಿಸಿದರು. ಗಮನಿಸತಕ್ಕ ವಿಷಯವೇನೆಂದರೆ, ಆಗ ಪರೀಕ್ಷೆಯಲ್ಲಿದ್ದ ಐಓಎಸ್ ೧೧.೩ರ ಕರಡಿನಲ್ಲಿ ಈ ದೋಷವು ಮೊದಲೇ ತೊಲಗಿದ್ದಿತು. ಸಿದ್ಧ ಆವೃತ್ತಿಯವರು ಎಡವಿದಲ್ಲಿ ಕರಡಿನವರು ಎಡವಲಿಲ್ಲ! ಕರಡೆಂಬುದು ತಪ್ಪು ಹುಟ್ಟುವ ಸ್ಥಳವಾಗಿರುವಂತೆಯೇ ತಪ್ಪು ಸಾಯುವ ಸ್ಥಳವೂ ಹೌದು.

ಕನ್ನಡ ಲಿಪಿಯೂ ಒತ್ತಕ್ಷರ, ಗುಣಿತ, ದೀರ್ಘಗಳಿಂದ ಕೂಡಿದುದು. ಒಂದರ ಕೆಳಗೊಂದು ಒತ್ತು ಬಂದಾಗ ಸಾಲು ಕತ್ತರಿಸದೆ ನಿಲ್ಲುವುದೇ, ಕೀಲಿಮಣೆಯಲ್ಲಿ ಅಳಿಸಿದಾಗ ಒತ್ತು ಮಾತ್ರ ಹೋಗುವುದೇ ಅಥವಾ ಅಕ್ಷರವೇ ಹೋಗುವುದೇ, ಕನ್ನಡ ಹೆಸರುಗಳು ಅಕಾರಾದಿಯಲ್ಲಿ ಬರುವುವೇ ಎಂಬುದನ್ನು ನೋಡಿ ಹೇಳಬಲ್ಲವನು ಕನ್ನಡ ಓದುವವನೇ ಆಗಬೇಕು. ಐಫೋನಿಗೆ ಕನ್ನಡದ ಕೀಲಿಮಣೆ ೨೦೧೭ರ ಐಓಎಸ್ ೧೧ರಲ್ಲಿ ಬಂದಿತು. ಬೀಗದ ಪರದೆಯ ಗಡಿಯಾರವನ್ನು ಕನ್ನಡ ಅಂಕಿಗಳಲ್ಲಿ ಕಾಣುವ ಅನುಕೂಲವು ೨೦೨೪ರ ಐಓಎಸ್ ೧೮ರಲ್ಲಿ ಬಂದಿತು. ಇಂಥವನ್ನು ಕರಡಿನ ಕಾಲದಲ್ಲಿಯೇ ಕನ್ನಡಿಗರು ಬಳಸಿ ತಪ್ಪುಗಳನ್ನು ತಿಳಿಸದಿದ್ದರೆ ಮತ್ತಾರು ತಿಳಿಸುವರು? ಸಿದ್ಧವಾದ ಮೇಲೆ ಗೊಣಗುವುದಕ್ಕಿಂತ ಸಿದ್ಧವಾಗುವಾಗ ಒಂದು ಸಾಲು ಬರೆಯುವುದು ಮೇಲು.

ಆದುದರಿಂದ ಕರಡನ್ನು ಹಾಕಿಕೊಳ್ಳಲು ನಿಶ್ಚಯಿಸಿದವರು ಈ ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಮೊದಲನೆಯದಾಗಿ, ಮನೆಯ ವ್ಯವಹಾರ ನಡೆಯುವ ಫೋನಿಗೆ ಅದನ್ನು ಹಾಕಬಾರದು. ಕಂಪೆನಿಯವರೇ ಎರಡನೆಯ ಫೋನಿನಲ್ಲಿ ಹಾಕಿಕೊಳ್ಳಿರೆಂದು ಸಲಹೆ ಕೊಡುತ್ತಾರೆ. ಹೊಸ ಫೋನು ಕೊಂಡ ಮೇಲೆ ಪೆಟ್ಟಿಗೆಯಲ್ಲಿ ಮಲಗಿರುವ ಹಳೆಯ ಫೋನು ಹೊಸ ಆವೃತ್ತಿಗೆ ಅರ್ಹವಾಗಿದ್ದರೆ ಈ ಕೆಲಸಕ್ಕೆ ಅದೇ ಯೋಗ್ಯ.

ಎರಡನೆಯದಾಗಿ, ಹಾಕುವ ಮುನ್ನವೇ ಸಮಸ್ತ ಕಡತಗಳ ಪ್ರತಿಯನ್ನು ತೆಗೆಯಬೇಕು. ಐಫೋನಾದರೆ ಕಂಪ್ಯೂಟರಿನಲ್ಲಿ ಪ್ರತಿ ತೆಗೆದು, ಮುಂದಿನ ಪ್ರತಿಯು ಅದರ ಮೇಲೆ ಬಂದು ಕೂಡದಂತೆ ಆರ್ಕೈವ್ ಮಾಡಿ ಪ್ರತ್ಯೇಕವಾಗಿಡಬೇಕು. ವಾಟ್ಸಾಪಿನ ಸಂಭಾಷಣೆಗಳ ಪ್ರತಿಯನ್ನು ಬೇರೆಯಾಗಿ ತೆಗೆದಿದೆಯೇ ಎಂದು ನೋಡಬೇಕು.

ಮೂರನೆಯದಾಗಿ, ಮೊದಲ ಕರಡಿಗೆ ಆತುರಪಡಬಾರದು. ಸಾರ್ವಜನಿಕ ಕರಡುಗಳು ಬರುವವರೆಗೆ ಕಾದರೆ ದೊಡ್ಡ ಕಲ್ಲುಗಳನ್ನು ಯಾರಾದರೂ ಆರಿಸಿರುತ್ತಾರೆ. ಆಗಲೂ ಫೋನು ಬಿಸಿಯಾಗುವುದು, ಬ್ಯಾಟರಿ ಬೇಗ ಇಳಿಯುವುದು ಸಾಮಾನ್ಯ; ಅದಕ್ಕೆ ಗಾಬರಿಯಾಗಬೇಕಾದುದಿಲ್ಲ.

ನಾಲ್ಕನೆಯದಾಗಿ, ಕರಡು ಬರುವ ದಾರಿ ಒಂದೇ. ಆಯಾ ಕಂಪೆನಿಯವರ ಸ್ವಂತ ಏರ್ಪಾಡಿನಿಂದ ಮಾತ್ರ ಅದನ್ನು ಪಡೆಯತಕ್ಕದ್ದು. "ಹೊಸ ಆವೃತ್ತಿಯನ್ನು ಎಲ್ಲರಿಗಿಂತ ಮೊದಲು ಪಡೆಯಿರಿ" ಎಂದು ವಾಟ್ಸಾಪಿನಲ್ಲಿ ಕೊಂಡಿ ಕಳುಹಿಸುವವನು ನಮ್ಮ ಹಿತಚಿಂತಕನಲ್ಲ. ಹಣ ಕೊಟ್ಟು ಕರಡು ಕೊಳ್ಳಬೇಕಾದ ಅಗತ್ಯವೂ ಇಲ್ಲ.

ಐದನೆಯದಾಗಿ, ತಪ್ಪು ಕಂಡರೆ ಬರೆಯಬೇಕು. ಐಫೋನಿನ ಕರಡಿನೊಡನೆ ಫೀಡ್‌ಬ್ಯಾಕ್ ಎಂಬ ಆಪು ಬರುತ್ತದೆ. ಪಿಕ್ಸೆಲ್ ಫೋನಿಗೂ ಅಂಥದುಂಟು. ತಾವು ಏನು ಮಾಡಿದಿರಿ, ಏನಾಗಬೇಕಾಗಿತ್ತು, ಏನಾಯಿತು ಎಂಬ ಮೂರು ವಾಕ್ಯಗಳೂ ಪರದೆಯ ಒಂದು ಚಿತ್ರವೂ ಸಾಕು. ಚಿತ್ರದಲ್ಲಿ ಖಾತೆಯ ಸಂಖ್ಯೆಯೋ ಮನೆಯವರ ಮುಖವೋ ಇಲ್ಲವೆಂದು ನೋಡಿ ಕಳುಹಿಸುವುದು ಜಾಣತನ.

ಕೊನೆಯದಾಗಿ, ಹೊರಬರುವುದಕ್ಕೂ ಒಂದು ಸಮಯವುಂಟು. ಸಿದ್ಧ ಆವೃತ್ತಿಯು ಬಂದು ಫೋನಿನಲ್ಲಿ ಕುಳಿತ ಕೂಡಲೇ, ಮುಂದಿನ ಕರಡು ಬರುವುದಕ್ಕೆ ಮೊದಲು ಯೋಜನೆಯನ್ನು ಬಿಟ್ಟರೆ ಏನನ್ನೂ ಅಳಿಸದೆ ಹೊರಬರಬಹುದು. ಈ ಕಿಂಡಿಯನ್ನು ತಪ್ಪಿಸಿಕೊಂಡವರು ಮತ್ತೊಂದು ಸುತ್ತಿಗೆ ಸಿಕ್ಕಿಬೀಳುತ್ತಾರೆ.

ಹಾಗಾದರೆ "ಹಾಕಿಕೊಡಲೇ?" ಎಂದು ಕೇಳುವ ಮಗನಿಗೂ ಮಗಳಿಗೂ ಹೇಳತಕ್ಕ ಉತ್ತರವು ಬೇಡವೆಂದೂ ಅಲ್ಲ, ಆಗಲೆಂದೂ ಅಲ್ಲ. ತಪ್ಪು ಹುಡುಕುವ ಕೆಲಸಕ್ಕೆ ನೀನು ಸಿದ್ಧನೇ ಎಂದು ಮೊದಲು ಕೇಳಬೇಕು. ಹೊಸದನ್ನು ಗೆಳೆಯರಿಗಿಂತ ಮುಂಚೆ ತೋರಿಸಿ ಮೆರೆಯುವುದಷ್ಟೇ ಆಸೆಯಾದರೆ ಮೂರು ತಿಂಗಳು ತಾಳು; ಅದೇ ವಸ್ತು, ತಿದ್ದಿದ ರೂಪದಲ್ಲಿ, ಕಾಸಿಲ್ಲದೆ ತಾನಾಗಿ ಬರುತ್ತದೆ. ಒಂದು ಒತ್ತಕ್ಷರವಾದರೂ ನೆಟ್ಟಗಾಗಲಿ ಎಂಬ ಮನಸ್ಸಿದ್ದರೆ, ಇಗೋ ಹಳೆಯ ಫೋನು. ತೆಗೆದುಕೋ, ಹಾಕಿ ನೋಡು, ಕಂಡುದನ್ನು ಬರೆ. ಅಪ್ಪನ ಫೋನನ್ನೂ ಅಜ್ಜಿಯ ಫೋನನ್ನೂ ಮಾತ್ರ ಅವುಗಳ ಪಾಡಿಗೆ ಬಿಡು.